ಫಲಿತಾಂಶದ ವಾರದಲ್ಲಿ ಐಟಿ ಷೇರು: ಉಡುಪಿ ಜಿಲ್ಲೆಯ ಉಳಿತಾಯಗಾರರಿಗೆ ಒಂದು ಕೈಪಿಡಿ

ಉಡುಪಿ ಜಿಲ್ಲೆಯ ಜನರಿಗೆ ಹಣಕಾಸು ಸಂಸ್ಥೆಗಳ ಪರಿಚಯ ಹೊಸದಲ್ಲ. 1906ರಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ಮುಂದಾಳತ್ವದಲ್ಲಿ ಉಡುಪಿಯಲ್ಲಿ ಹುಟ್ಟಿದ ಸಂಸ್ಥೆ ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆಗಿ ಬೆಳೆಯಿತು, 1925ರಲ್ಲಿ ಡಾ. ಟಿ.ಎಂ.ಎ. ಪೈ, ಉಪೇಂದ್ರ ಅನಂತ ಪೈ ಮತ್ತು ವಾಮನ ಕುಡ್ವ ಅವರು ಕೈಮಗ್ಗದ ನೇಕಾರರಿಗೆ ನೆರವಾಗಲೆಂದು ಅದೇ ಊರಿನಲ್ಲಿ ಕಟ್ಟಿದ ಸಂಸ್ಥೆ ಸಿಂಡಿಕೇಟ್ ಬ್ಯಾಂಕ್ ಎಂಬ ಹೆಸರು ಪಡೆದು, ಮಣಿಪಾಲವನ್ನು ಕೇಂದ್ರ ಕಚೇರಿಯಾಗಿ ಮಾಡಿಕೊಂಡಿತು. 1928ರಲ್ಲಿ ಆ ಬ್ಯಾಂಕು ಆರಂಭಿಸಿದ ಪಿಗ್ಮಿ ಠೇವಣಿ, ದಿನಗೂಲಿಯವರ ಮತ್ತು ಸಣ್ಣ ವ್ಯಾಪಾರಿಗಳ ಚಿಲ್ಲರೆ ಹಣವನ್ನು ಮನೆಬಾಗಿಲಲ್ಲಿ ಸಂಗ್ರಹಿಸಿ ಉಳಿತಾಯವನ್ನಾಗಿಸಿತು. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿಯೂ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿಯೂ ವಿಲೀನಗೊಂಡವು. ಈಗ ಉಳಿತಾಯದ ಒಂದು ಪಾಲು ಬ್ಯಾಂಕಿನ ಕೌಂಟರನ್ನು ದಾಟಿ, ಮೊಬೈಲಿನಲ್ಲಿ ತೆರೆದ ಡಿಮ್ಯಾಟ್ ಖಾತೆಯ ಮೂಲಕ ಷೇರುಪೇಟೆಗೆ ಹೋಗುತ್ತಿದೆ.

ಈ ಜಿಲ್ಲೆಯ ಓದಿದ ಮನೆಗಳಿಗೆ ಮಾಹಿತಿ ತಂತ್ರಜ್ಞಾನ ಕಂಪನಿಗಳ ಷೇರುಗಳು ಹತ್ತಿರದವಾಗಿ ಕಾಣುವುದು ಸಹಜ. ಮಣಿಪಾಲದ ತಾಂತ್ರಿಕ ಮಹಾವಿದ್ಯಾಲಯ, ಕಾರ್ಕಳ ತಾಲ್ಲೂಕಿನ ನಿಟ್ಟೆಯ ಎಂಜಿನಿಯರಿಂಗ್ ಕಾಲೇಜು ಮೊದಲಾದವುಗಳಿಂದ ಹೊರಬಂದ ಮಕ್ಕಳು ಬೆಂಗಳೂರಿನ ಮತ್ತು ಹೊರದೇಶಗಳ ತಂತ್ರಜ್ಞಾನ ಕಂಪನಿಗಳಲ್ಲಿ ದುಡಿಯುತ್ತಿದ್ದಾರೆ. 2014ರಿಂದ ಮೈಕ್ರೋಸಾಫ್ಟ್ ಕಂಪನಿಯನ್ನು ಮುನ್ನಡೆಸುತ್ತಿರುವ ಸತ್ಯ ನಾದೆಲ್ಲ ಮಣಿಪಾಲದಲ್ಲಿಯೇ ಎಂಜಿನಿಯರಿಂಗ್ ಓದಿದವರು. ಆದರೆ ಕಂಪನಿಯ ಹೆಸರು ಪರಿಚಿತವಾಗಿರುವುದು ಒಂದು ವಿಷಯ, ಅದರ ಫಲಿತಾಂಶ ಪ್ರಕಟವಾಗುವ ವಾರದಲ್ಲಿ ಅದರ ಷೇರಿನಲ್ಲಿ ವಹಿವಾಟು ನಡೆಸುವುದು ಬೇರೆಯೇ ವಿಷಯ. ಆ ಒಂದು ವಾರದಲ್ಲಿ ಬೆಲೆ ಹೇಗೆ ನಡೆದುಕೊಳ್ಳುತ್ತದೆ, ಸಾಮಾನ್ಯ ಹೂಡಿಕೆದಾರನಿಗೆ ಯಾವ ದಾರಿಗಳು ತೆರೆದಿವೆ, ಯಾವುವು ಕಾನೂನಿನಿಂದಲೇ ಮುಚ್ಚಿವೆ ಎಂಬುದನ್ನು ಇಲ್ಲಿ ಕ್ರಮವಾಗಿ ವಿವರಿಸಲಾಗಿದೆ. ಫಲಿತಾಂಶದ ಮುನ್ನಾದಿನ ಊಹಿಸಿ ಪಣವೊಡ್ಡುವವನಿಗಿಂತ, ಫಲಿತಾಂಶವನ್ನು ಓದಿ ಮರುದಿನ ನಿರ್ಧರಿಸುವವನ ಸ್ಥಿತಿ ಹೆಚ್ಚು ಭದ್ರವಾದುದು ಎಂಬುದು ಈ ವಿವರಣೆಯ ಒಟ್ಟು ನಿಲುವು.

ಫಲಿತಾಂಶದ ವೇಳಾಪಟ್ಟಿ

ಷೇರು ವಿನಿಮಯ ಕೇಂದ್ರದ ಮುಖ್ಯ ವಿಭಾಗದಲ್ಲಿ ನೋಂದಾಯಿತವಾದ ಪ್ರತಿಯೊಂದು ಕಂಪನಿಯೂ ಮೂರು ತಿಂಗಳಿಗೊಮ್ಮೆ ತನ್ನ ಆದಾಯ, ವೆಚ್ಚ ಮತ್ತು ಲಾಭದ ಲೆಕ್ಕವನ್ನು ಸಾರ್ವಜನಿಕಗೊಳಿಸಬೇಕು; ಇದನ್ನೇ ತ್ರೈಮಾಸಿಕ ಫಲಿತಾಂಶ ಎನ್ನುತ್ತಾರೆ. ಭಾರತೀಯ ಷೇರು ನಿಯಂತ್ರಣ ಮಂಡಳಿ, ಅಂದರೆ ಸೆಬಿ, 2015ರಲ್ಲಿ ರೂಪಿಸಿದ ನಿಯಮಗಳ ಪ್ರಕಾರ ತ್ರೈಮಾಸಿಕ ಮುಗಿದ 45 ದಿನಗಳೊಳಗೆ, ವರ್ಷಾಂತ್ಯದ ಲೆಕ್ಕವಾದರೆ 60 ದಿನಗಳೊಳಗೆ ಫಲಿತಾಂಶ ಬರಬೇಕು, ಮತ್ತು ಅದನ್ನು ಅಂಗೀಕರಿಸುವ ನಿರ್ದೇಶಕ ಮಂಡಳಿಯ ಸಭೆಯ ದಿನಾಂಕವನ್ನು ವಿನಿಮಯ ಕೇಂದ್ರಕ್ಕೆ ಮುಂಚಿತವಾಗಿ ತಿಳಿಸಿರಬೇಕು. ಎನ್‌ಎಸ್‌ಇ ಮತ್ತು ಬಿಎಸ್‌ಇ ವಿನಿಮಯ ಕೇಂದ್ರಗಳ ಜಾಲತಾಣಗಳಲ್ಲಿ ಪ್ರಕಟವಾಗುವ ಈ ಸೂಚನೆಯೇ ದಿನಾಂಕಕ್ಕೆ ಅಧಿಕೃತ ಆಧಾರ.

ಐಟಿ ಕಂಪನಿಗಳು ಸಾಮಾನ್ಯವಾಗಿ ಜನವರಿ, ಏಪ್ರಿಲ್, ಜುಲೈ ಮತ್ತು ಅಕ್ಟೋಬರ್ ತಿಂಗಳುಗಳ ಎರಡನೆಯ ವಾರದಿಂದಲೇ ಫಲಿತಾಂಶ ನೀಡತೊಡಗುತ್ತವೆ. ದೊಡ್ಡ ಕಂಪನಿಗಳ ಪೈಕಿ ಟಿಸಿಎಸ್ ಹೆಚ್ಚಾಗಿ ಮೊದಲು ಬರುತ್ತದೆ, ಇನ್ಫೋಸಿಸ್, ಎಚ್‌ಸಿಎಲ್ ಟೆಕ್ ಮತ್ತು ವಿಪ್ರೊ ಅದರ ಹಿಂದೆಯೇ ಬರುತ್ತವೆ. ಪೇಟೆಯ ವಹಿವಾಟು ಬೆಳಿಗ್ಗೆ 9.15ರಿಂದ ಮಧ್ಯಾಹ್ನ 3.30ರವರೆಗೆ ನಡೆಯುವುದರಿಂದ ಮತ್ತು ಈ ಕಂಪನಿಗಳು ಈಗ ಬಹುತೇಕ ಪೇಟೆ ಮುಚ್ಚಿದ ಬಳಿಕ ಫಲಿತಾಂಶ ಹೊರಡಿಸುವುದರಿಂದ, ಭಾರತದ ಹೂಡಿಕೆದಾರನಿಗೆ ಪ್ರತಿಕ್ರಿಯಿಸುವ ಅವಕಾಶ ಸಿಗುವುದು ಮರುದಿನ ಬೆಳಿಗ್ಗೆಯೇ. ಇನ್ಫೋಸಿಸ್ ಮತ್ತು ವಿಪ್ರೊ ಷೇರುಗಳನ್ನು ಪ್ರತಿನಿಧಿಸುವ ಪತ್ರಗಳು ಎಡಿಆರ್ ಎಂಬ ಹೆಸರಿನಲ್ಲಿ ನ್ಯೂಯಾರ್ಕ್ ಷೇರು ವಿನಿಮಯ ಕೇಂದ್ರದಲ್ಲಿ ಮಾರಾಟವಾಗುತ್ತವೆ. ಅಲ್ಲಿಯ ಪೇಟೆ ಭಾರತೀಯ ಕಾಲಮಾನದಲ್ಲಿ ಬೇಸಿಗೆಯಲ್ಲಿ ಸಂಜೆ 7ಕ್ಕೆ, ಚಳಿಗಾಲದಲ್ಲಿ ರಾತ್ರಿ 8ಕ್ಕೆ ತೆರೆಯುವುದರಿಂದ, ಅವುಗಳ ಬೆಲೆಯ ಚಲನೆ ಮರುದಿನದ ಆರಂಭಿಕ ಬೆಲೆಯ ದಿಕ್ಕನ್ನು ಬಹುಮಟ್ಟಿಗೆ ಸೂಚಿಸುತ್ತದೆ.

ಇನ್ನೊಂದು ಮುನ್ಸೂಚನೆ ಆಕ್ಸೆಂಚರ್ ಕಂಪನಿಯದು. ಆಗಸ್ಟ್‌ಗೆ ಮುಗಿಯುವ ಲೆಕ್ಕವರ್ಷವನ್ನು ಅನುಸರಿಸುವ ಈ ಕಂಪನಿ ಸೆಪ್ಟೆಂಬರ್, ಡಿಸೆಂಬರ್, ಮಾರ್ಚ್ ಮತ್ತು ಜೂನ್ ತಿಂಗಳುಗಳಲ್ಲಿ ಫಲಿತಾಂಶ ನೀಡುತ್ತದೆ, ಮತ್ತು ಅದರ ಗ್ರಾಹಕರು ಭಾರತದ ಐಟಿ ಕಂಪನಿಗಳ ಗ್ರಾಹಕರಂತೆಯೇ ಅಮೆರಿಕ ಮತ್ತು ಯುರೋಪಿನ ದೊಡ್ಡ ಸಂಸ್ಥೆಗಳು. 2024ರ ಮಾರ್ಚ್ 21ರಂದು ಆಕ್ಸೆಂಚರ್ ತನ್ನ ವಾರ್ಷಿಕ ಬೆಳವಣಿಗೆಯ ಅಂದಾಜನ್ನು ಶೇ. 2–5ರಿಂದ ಶೇ. 1–3ಕ್ಕೆ ಇಳಿಸಿದಾಗ, ಮರುದಿನ ಮುಂಬೈ ಪೇಟೆಯಲ್ಲಿ ಐಟಿ ಷೇರುಗಳೂ ಇಳಿದವು. ಆದ್ದರಿಂದ ಟಿಸಿಎಸ್ ಫಲಿತಾಂಶಕ್ಕೆ ಮೊದಲೇ ಆಕ್ಸೆಂಚರ್ ವರದಿಯನ್ನು ಗಮನಿಸುವುದು ಉಪಯುಕ್ತ.

ಲಾಭ ಏರಿದರೂ ಬೆಲೆ ಇಳಿಯುವುದೇಕೆ

ಷೇರಿನ ಬೆಲೆ ಪ್ರಕಟವಾದ ಲಾಭಕ್ಕೆ ಮಾತ್ರ ಸ್ಪಂದಿಸುವುದಿಲ್ಲ. ಪ್ರಕಟವಾದ ಅಂಕಿಗೂ ಪೇಟೆ ಮೊದಲೇ ನಿರೀಕ್ಷಿಸಿದ್ದ ಅಂಕಿಗೂ ನಡುವಿನ ಅಂತರಕ್ಕೆ ಅದು ಸ್ಪಂದಿಸುತ್ತದೆ. ವಿಶ್ಲೇಷಕರ ಅಂದಾಜುಗಳ ಸರಾಸರಿಯನ್ನು ಸಾಮಾನ್ಯವಾಗಿ ನಿರೀಕ್ಷೆಯ ಅಳತೆಗೋಲಾಗಿ ಬಳಸುತ್ತಾರೆ. ಇದರ ಜೊತೆಗೆ ಐಟಿ ಕಂಪನಿಗಳಲ್ಲಿ ಇನ್ನೂ ತೂಕದ ಒಂದು ಅಂಶವಿದೆ, ಅದು ಗೈಡೆನ್ಸ್. ಅಂದರೆ ಮುಂದಿನ ಅವಧಿಯಲ್ಲಿ ಆದಾಯ ಎಷ್ಟು ಬೆಳೆಯಬಹುದೆಂದು ಕಂಪನಿಯೇ ನೀಡುವ ಮುನ್ನಂದಾಜು. ಇನ್ಫೋಸಿಸ್ ಮತ್ತು ಎಚ್‌ಸಿಎಲ್ ಟೆಕ್ ಇಡೀ ವರ್ಷಕ್ಕೆ ಮುನ್ನಂದಾಜು ನೀಡುತ್ತವೆ, ವಿಪ್ರೊ ಮುಂದಿನ ತ್ರೈಮಾಸಿಕಕ್ಕೆ ಮಾತ್ರ ನೀಡುತ್ತದೆ, ಟಿಸಿಎಸ್ ಅಂಕಿಗಳ ರೂಪದಲ್ಲಿ ಏನನ್ನೂ ನೀಡುವುದಿಲ್ಲ. ಈ ವ್ಯತ್ಯಾಸ ತಿಳಿಯದವರು ಟಿಸಿಎಸ್ ವರದಿಯಲ್ಲಿ ಇಲ್ಲದ್ದನ್ನು ಹುಡುಕುತ್ತಾರೆ, ಇನ್ಫೋಸಿಸ್ ವರದಿಯಲ್ಲಿ ಇರುವುದನ್ನು ಕಾಣದೆ ಹೋಗುತ್ತಾರೆ.

ಇನ್ಫೋಸಿಸ್‌ನ ಚರಿತ್ರೆಯಲ್ಲಿ ಇದಕ್ಕೆ ಸ್ಪಷ್ಟ ನಿದರ್ಶನಗಳಿವೆ. 2013ರ ಜನವರಿ 11ರಂದು ಫಲಿತಾಂಶ ನಿರೀಕ್ಷೆಗಿಂತ ಮೇಲಿದ್ದು ವಾರ್ಷಿಕ ಮುನ್ನಂದಾಜು ಏರಿದಾಗ ಷೇರು ಒಂದೇ ದಿನ ಸುಮಾರು ಶೇ. 17ರಷ್ಟು ಏರಿತು, ಮೂರೇ ತಿಂಗಳ ಬಳಿಕ, ಏಪ್ರಿಲ್ 12ರಂದು, ಹೊಸ ವರ್ಷದ ಬೆಳವಣಿಗೆಯನ್ನು ಕಂಪನಿ ಶೇ. 6–10 ಎಂದು ಅಂದಾಜಿಸಿದಾಗ ಅದೇ ಷೇರು ಶೇ. 21ರಷ್ಟು ಕುಸಿಯಿತು. ಐಟಿ ಉದ್ಯಮದ ಒಕ್ಕೂಟವಾದ ನಾಸ್ಕಾಂ ಆ ವರ್ಷ ರಫ್ತು ಶೇ. 12–14ರಷ್ಟು ಬೆಳೆಯಬಹುದೆಂದು ಹೇಳಿದ್ದರಿಂದ, ಕಂಪನಿ ಉದ್ಯಮಕ್ಕಿಂತ ಹಿಂದೆ ಬೀಳಲಿದೆ ಎಂದು ಪೇಟೆ ಅರ್ಥಮಾಡಿಕೊಂಡಿತು.

2023ರ ಏಪ್ರಿಲ್‌ನ ನಿದರ್ಶನ ಇನ್ನಷ್ಟು ಬೋಧಪ್ರದ. ಏಪ್ರಿಲ್ 13ರ ಗುರುವಾರ ಪೇಟೆ ಮುಚ್ಚಿದ ಬಳಿಕ ಬಂದ ಫಲಿತಾಂಶದಲ್ಲಿ ಇನ್ಫೋಸಿಸ್‌ನ ನಿವ್ವಳ ಲಾಭ ಹಿಂದಿನ ವರ್ಷದ ಅದೇ ತ್ರೈಮಾಸಿಕಕ್ಕಿಂತ ಸುಮಾರು ಶೇ. 7.8ರಷ್ಟು ಹೆಚ್ಚಾಗಿ 6,128 ಕೋಟಿ ರೂಪಾಯಿಯಾಗಿತ್ತು. ಪತ್ರಿಕೆಯ ತಲೆಬರಹವನ್ನಷ್ಟೇ ಓದಿದವರಿಗೆ ಇದು ಶುಭ ಸುದ್ದಿ. ಆದರೆ ಹಿಂದಿನ ಮೂರು ತಿಂಗಳಿಗೆ ಹೋಲಿಸಿದರೆ ಆದಾಯ, ವಿನಿಮಯ ದರದ ಏರಿಳಿತ ಬಿಟ್ಟು ಲೆಕ್ಕ ಹಾಕಿದಾಗ, ಶೇ. 3.2ರಷ್ಟು ಇಳಿದಿತ್ತು, ಹೊಸ ವರ್ಷದ ಮುನ್ನಂದಾಜು ಶೇ. 4–7 ಮಾತ್ರವಾಗಿತ್ತು. ಶುಕ್ರವಾರ ಅಂಬೇಡ್ಕರ್ ಜಯಂತಿಯ ರಜೆ, ಬಳಿಕ ವಾರಾಂತ್ಯ. ಅಷ್ಟರಲ್ಲಿ ನ್ಯೂಯಾರ್ಕಿನಲ್ಲಿ ಎಡಿಆರ್ ಬೆಲೆ ಇಳಿದಾಗಿತ್ತು. ಏಪ್ರಿಲ್ 17ರ ಸೋಮವಾರ ಷೇರು ದಿನದ ನಡುವೆ ಶೇ. 15ರವರೆಗೆ ಕುಸಿದು, ಕೊನೆಗೆ ಶೇ. 9ಕ್ಕೂ ಹೆಚ್ಚು ನಷ್ಟದಲ್ಲಿ ಮುಗಿಯಿತು.

ಅಮೆರಿಕದ ದೈತ್ಯ ಕಂಪನಿಗಳೂ ಈ ನಿಯಮಕ್ಕೆ ಹೊರತಲ್ಲ. 2022ರ ಫೆಬ್ರುವರಿ 3ರಂದು ಮೆಟಾ ಷೇರು ಫಲಿತಾಂಶದ ಮರುದಿನ ಶೇ. 26ರಷ್ಟು ಬಿದ್ದು, ಕಂಪನಿಯ ಮಾರುಕಟ್ಟೆ ಮೌಲ್ಯ ಒಂದೇ ದಿನದಲ್ಲಿ 23,000 ಕೋಟಿ ಡಾಲರಿಗೂ ಹೆಚ್ಚು ಕರಗಿತು. 2023ರ ಮೇ 25ರಂದು ಎನ್‌ವಿಡಿಯ ಷೇರು, ಕಂಪನಿಯು ಮುಂದಿನ ತ್ರೈಮಾಸಿಕದ ಆದಾಯವನ್ನು ಪೇಟೆಯ ಎಣಿಕೆಗಿಂತ ಬಹಳ ಮೇಲಿಟ್ಟು ಅಂದಾಜಿಸಿದ್ದರಿಂದ ಶೇ. 24ರಷ್ಟು ಏರಿತು. ಎರಡರಲ್ಲಿಯೂ ಬೆಲೆಯನ್ನು ಅಲುಗಾಡಿಸಿದ್ದು ಮುಗಿದ ತ್ರೈಮಾಸಿಕದ ಲಾಭಕ್ಕಿಂತ ಮುಂದಿನ ದಿನಗಳ ಚಿತ್ರ.

ಈ ವಿದ್ಯಮಾನವನ್ನು ರೇ ಬಾಲ್ ಮತ್ತು ಫಿಲಿಪ್ ಬ್ರೌನ್ ಎಂಬ ವಿದ್ವಾಂಸರು 1968ರಲ್ಲಿಯೇ ಅಧ್ಯಯನ ಮಾಡಿ, ವಾರ್ಷಿಕ ಲಾಭದ ಸುದ್ದಿಯ ಬಹುಪಾಲು ಅದು ಪ್ರಕಟವಾಗುವ ಮೊದಲೇ ಬೆಲೆಯಲ್ಲಿ ಸೇರಿಹೋಗಿರುತ್ತದೆ ಎಂದು ತೋರಿಸಿದರು. ಅನಿರೀಕ್ಷಿತವಾಗಿ ಒಳ್ಳೆಯ ಫಲಿತಾಂಶ ನೀಡಿದ ಷೇರು ಆ ಬಳಿಕವೂ ಕೆಲಕಾಲ ಮೇಲ್ಮುಖವಾಗಿಯೇ ಸಾಗುತ್ತದೆ, ಕೆಟ್ಟ ಫಲಿತಾಂಶದ ಷೇರು ಕೆಳಮುಖವಾಗಿಯೇ ಸಾಗುತ್ತದೆ ಎಂಬ ಅಂಶವೂ ಆ ಅಧ್ಯಯನದಲ್ಲಿತ್ತು, ಮುಂದಿನ ಸಂಶೋಧನೆಗಳು ಅದನ್ನು ವಿಸ್ತರಿಸಿದವು. ಎಲ್ಲರ ಕಣ್ಣೂ ನೆಟ್ಟಿರುವ ದೊಡ್ಡ ಕಂಪನಿಗಳಲ್ಲಿ ಈ ಚಲನೆ ಈಗ ಕ್ಷೀಣಿಸಿದೆಯಾದರೂ, ಮೊದಲ ದಿನವೇ ಕೊಳ್ಳದಿದ್ದರೆ ಎಲ್ಲವೂ ಕೈತಪ್ಪಿತು ಎಂಬ ಆತುರಕ್ಕೆ ಆಧಾರವಿಲ್ಲವೆಂಬುದು ಇದರಿಂದ ತಿಳಿಯುತ್ತದೆ.

ಫಲಿತಾಂಶದ ಹಾಳೆಯಲ್ಲಿ ನೋಡಬೇಕಾದ ಅಂಶಗಳು

ಮೊದಲನೆಯದು ಸ್ಥಿರ ವಿನಿಮಯ ದರದಲ್ಲಿ ಆದಾಯದ ಬೆಳವಣಿಗೆ. ಐಟಿ ಕಂಪನಿಗಳು ಡಾಲರ್, ಯೂರೊ, ಪೌಂಡುಗಳಲ್ಲಿ ಗಳಿಸಿ ರೂಪಾಯಿಯಲ್ಲಿ ಲೆಕ್ಕ ತೋರಿಸುವುದರಿಂದ, ರೂಪಾಯಿ ದುರ್ಬಲವಾದಾಗ ಕೆಲಸ ಹೆಚ್ಚದೆಯೂ ಆದಾಯ ಹೆಚ್ಚಿದಂತೆ ಕಾಣುತ್ತದೆ. ವಿನಿಮಯ ದರ ಬದಲಾಗಿಲ್ಲವೆಂದು ಭಾವಿಸಿ ಲೆಕ್ಕ ಹಾಕಿದ ಬೆಳವಣಿಗೆಯೇ ವ್ಯವಹಾರದ ನಿಜವಾದ ಗತಿ. ಇದನ್ನು ಹಿಂದಿನ ವರ್ಷದ ಜೊತೆಗೂ ಹಿಂದಿನ ತ್ರೈಮಾಸಿಕದ ಜೊತೆಗೂ ಹೋಲಿಸಬೇಕು, ಆದರೆ ಅಕ್ಟೋಬರ್–ಡಿಸೆಂಬರ್ ಅವಧಿಯಲ್ಲಿ ಪಾಶ್ಚಾತ್ಯ ಗ್ರಾಹಕರ ಕಚೇರಿಗಳಿಗೆ ರಜೆಗಳಿರುವುದರಿಂದ ಕೆಲಸದ ದಿನಗಳೇ ಕಡಿಮೆ ಎಂಬುದನ್ನು ನೆನಪಿಡಬೇಕು.

ಎರಡನೆಯದು ಆಪರೇಟಿಂಗ್ ಮಾರ್ಜಿನ್, ಅಂದರೆ ನೂರು ರೂಪಾಯಿ ಆದಾಯದಲ್ಲಿ ಸಂಬಳ, ಕಚೇರಿ ಮೊದಲಾದ ಖರ್ಚು ಕಳೆದು ಉಳಿಯುವ ಪಾಲು. ವೇತನ ಏರಿಕೆ ಜಾರಿಗೆ ಬಂದ ತ್ರೈಮಾಸಿಕದಲ್ಲಿ ಇದು ಇಳಿಯುವುದು ಸಾಮಾನ್ಯ. ಅಂಥ ಕಾರಣವಿಲ್ಲದೆ ಸತತವಾಗಿ ಇಳಿಯುತ್ತಿದ್ದರೆ ಅದು ಎಚ್ಚರಿಕೆಯ ಸಂಕೇತ. ಮೂರನೆಯದು ಹೊಸ ಒಪ್ಪಂದಗಳ ಒಟ್ಟು ಮೌಲ್ಯ. ಇದು ಹಲವು ವರ್ಷಗಳಲ್ಲಿ ಹರಿದು ಬರುವ ಹಣವಾದ್ದರಿಂದ, ಈ ಮೊತ್ತದಲ್ಲಿ ಹಳೆಯ ಒಪ್ಪಂದಗಳ ನವೀಕರಣ ಎಷ್ಟು, ಹೊಸದು ಎಷ್ಟು ಎಂಬುದನ್ನು ಬಿಡಿಸಿ ನೋಡಬೇಕು. ನಾಲ್ಕನೆಯದು ನೌಕರರ ಸಂಖ್ಯೆ ಮತ್ತು ಕೆಲಸ ಬಿಟ್ಟು ಹೋಗುವವರ ಪ್ರಮಾಣ. ಬೇಡಿಕೆಯ ಬಗ್ಗೆ ಕಂಪನಿಗೆ ಇರುವ ನಂಬಿಕೆ ಇದರಿಂದ ಕಾಣುತ್ತದೆ, ಮತ್ತು ಕ್ಯಾಂಪಸ್ ನೇಮಕಾತಿಗೆ ಕಾಯುತ್ತಿರುವ ಮಣಿಪಾಲ, ನಿಟ್ಟೆಯ ವಿದ್ಯಾರ್ಥಿಗಳಿಗೆ ಷೇರಿನ ಹೊರತಾಗಿಯೂ ಇದು ಪ್ರಯೋಜನದ ಅಂಕಿ.

ಐದನೆಯದು ಒಮ್ಮೆ ಮಾತ್ರ ಬರುವ ಲಾಭ ಅಥವಾ ವೆಚ್ಚ. ಕೇಂದ್ರದ ಹೊಸ ಕಾರ್ಮಿಕ ಸಂಹಿತೆಗಳು 2025ರ ನವೆಂಬರ್‌ನಲ್ಲಿ ಜಾರಿಗೆ ಬಂದಾಗ, ಗ್ರಾಚ್ಯುಟಿ ಮೊದಲಾದ ಹೊಣೆಗಳಿಗಾಗಿ ಹಲವು ಐಟಿ ಕಂಪನಿಗಳು ಆ ತ್ರೈಮಾಸಿಕದಲ್ಲಿ ವಿಶೇಷ ವೆಚ್ಚ ತೋರಿಸಿದವು; ಆ ಕಾರಣದಿಂದ ಕುಗ್ಗಿದ ಲಾಭವನ್ನು ವ್ಯವಹಾರದ ಸೋಲೆಂದು ಎಣಿಸಿದರೆ ತಪ್ಪಾಗುತ್ತದೆ. ಆರನೆಯದು ನಗದು ಹರಿವು. ಕಾಗದದ ಲಾಭ ನಗದಾಗಿ ಬರುತ್ತಿದೆಯೇ ಎಂಬ ಪ್ರಶ್ನೆ ಐಟಿ ಕಂಪನಿಗಳಲ್ಲಿಯೂ ಬಿಡುವಂಥದಲ್ಲ, ಏಕೆಂದರೆ 2009ರ ಜನವರಿ 7ರಂದು ಸತ್ಯಂ ಕಂಪನಿಯ ಅಧ್ಯಕ್ಷರು ವರ್ಷಗಳಿಂದ ಲೆಕ್ಕಗಳನ್ನು ಉಬ್ಬಿಸಿದ್ದಾಗಿ ಒಪ್ಪಿಕೊಂಡಾಗ, ಬ್ಯಾಂಕಿನಲ್ಲಿ ಇದೆಯೆಂದು ತೋರಿಸಿದ್ದ ಐದು ಸಾವಿರ ಕೋಟಿಗೂ ಮಿಕ್ಕ ಹಣ ಇರಲೇ ಇಲ್ಲವೆಂದು ಹೊರಬಂತು, ಷೇರು ಒಂದೇ ದಿನ ಮುಕ್ಕಾಲು ಭಾಗಕ್ಕೂ ಹೆಚ್ಚು ಮೌಲ್ಯ ಕಳೆದುಕೊಂಡಿತು. ಎಷ್ಟು ಚೆನ್ನಾಗಿ ಓದಿದರೂ ಒಂದೇ ಕಂಪನಿಯ ಮೇಲೆ ಸಂಸಾರದ ಉಳಿತಾಯವನ್ನೆಲ್ಲ ಹೂಡಬಾರದೆಂಬುದಕ್ಕೆ ಈ ಪ್ರಕರಣವೊಂದೇ ಸಾಕು.

ಫಲಿತಾಂಶದ ಸಂಜೆ ಕಂಪನಿಯ ಆಡಳಿತಗಾರರು ವಿಶ್ಲೇಷಕರ ಜೊತೆ ನಡೆಸುವ ಮಾತುಕತೆಯ ಧ್ವನಿಮುದ್ರಣ ಮತ್ತು ಲಿಖಿತ ರೂಪ ಸಾರ್ವಜನಿಕವಾಗಿ ಲಭ್ಯ. ಯಾವ ಕ್ಷೇತ್ರದ ಗ್ರಾಹಕರು ಖರ್ಚು ಕಡಿತಗೊಳಿಸುತ್ತಿದ್ದಾರೆ, ಮುನ್ನಂದಾಜಿನಲ್ಲಿ ಹೊಸದಾಗಿ ಕೊಂಡ ಕಂಪನಿಯ ಆದಾಯ ಸೇರಿದೆಯೇ ಎಂಬಂಥ ಪ್ರಶ್ನೆಗಳಿಗೆ ಉತ್ತರ ಸಿಗುವುದು ಅಲ್ಲಿಯೇ.

ವಹಿವಾಟಿನ ಮೂರು ದಾರಿಗಳು

ಮೊದಲ ದಾರಿ, ಫಲಿತಾಂಶಕ್ಕೆ ಮೊದಲೇ ಷೇರು ಕೊಂಡು ಕಾಯುವುದು. ನಷ್ಟವನ್ನು ಮಿತಿಗೊಳಿಸಲು ಹಲವರು ಸ್ಟಾಪ್‌ಲಾಸ್ ಎಂಬ ಆದೇಶವನ್ನು ನಂಬುತ್ತಾರೆ. ನಿಗದಿಪಡಿಸಿದ ಬೆಲೆಗೆ ಷೇರು ಇಳಿದಾಗ ತಾನಾಗಿ ಮಾರಾಟಕ್ಕೆ ಹೋಗುವ ವ್ಯವಸ್ಥೆ ಅದು. ಆದರೆ ರಾತ್ರಿ ಕಳೆದು ಬೆಳಿಗ್ಗೆ ಬೆಲೆ ಶೇ. 10ರಷ್ಟು ಕೆಳಗೆ ತೆರೆದರೆ, ಶೇ. 5ರಲ್ಲಿ ಇಟ್ಟಿದ್ದ ಆದೇಶ ಶೇ. 5ರಲ್ಲಿ ಈಡೇರಲಾರದು, ನಡುವಿನ ಬೆಲೆಗಳಲ್ಲಿ ವಹಿವಾಟೇ ನಡೆದಿರುವುದಿಲ್ಲ. ದೊಡ್ಡ ಐಟಿ ಷೇರುಗಳಲ್ಲಿ ಆಪ್ಷನ್ (ಇದರ ವಿವರ ಮುಂದಿದೆ) ಮತ್ತು ಫ್ಯೂಚರ್ಸ್ (ಮುಂದಿನ ದಿನಾಂಕದ ವಹಿವಾಟಿಗೆ ಇಂದೇ ಬೆಲೆ ಗೊತ್ತುಮಾಡುವ ಒಪ್ಪಂದ) ವಹಿವಾಟು ಇರುವುದರಿಂದ ಅವುಗಳಿಗೆ ಇತರ ಷೇರುಗಳಂತೆ ದಿನದ ಸ್ಥಿರ ಬೆಲೆಮಿತಿಯೂ ಇಲ್ಲ, ಬೆಲೆ ಸರಿದಂತೆ ಮಿತಿಯೂ ಸಡಿಲವಾಗುತ್ತದೆ. ಹೀಗಾಗಿ ಫಲಿತಾಂಶದ ರಾತ್ರಿ ಸ್ಟಾಪ್‌ಲಾಸ್ ರಕ್ಷಣೆ ನೀಡುವುದಿಲ್ಲ; ಹೂಡಿದ ಮೊತ್ತ ಚಿಕ್ಕದಾಗಿರುವುದು ಮಾತ್ರ ರಕ್ಷಣೆ ನೀಡುತ್ತದೆ.

ಎರಡನೆಯ ದಾರಿ ಆಪ್ಷನ್. ನಿಗದಿತ ಬೆಲೆಗೆ ಷೇರು ಕೊಳ್ಳುವ ಹಕ್ಕನ್ನು ಕಾಲ್ ಎಂದೂ ಮಾರುವ ಹಕ್ಕನ್ನು ಪುಟ್ ಎಂದೂ ಕರೆಯುತ್ತಾರೆ; ಆ ಹಕ್ಕಿಗಾಗಿ ಕೊಡುವ ಹಣವೇ ಪ್ರೀಮಿಯಂ. ಫಲಿತಾಂಶ ಹತ್ತಿರವಾದಂತೆ ಬೆಲೆ ಜಿಗಿಯಬಹುದೆಂಬ ನಿರೀಕ್ಷೆಯಿಂದ ಪ್ರೀಮಿಯಂ ಉಬ್ಬುತ್ತದೆ, ಫಲಿತಾಂಶ ಹೊರಬಿದ್ದೊಡನೆ ಅನಿಶ್ಚಿತತೆ ಕಳೆದು ಕುಸಿಯುತ್ತದೆ. ಕಾಲ್ಪನಿಕ ಉದಾಹರಣೆಯೊಂದನ್ನು ತೆಗೆದುಕೊಂಡರೆ, 1,500 ರೂಪಾಯಿಯ ಷೇರಿನ ಮೇಲೆ, ಅದೇ 1,500ನ್ನು ನಿಗದಿತ ಬೆಲೆಯಾಗಿಟ್ಟು, 40 ರೂಪಾಯಿಗೆ ಕಾಲ್ ಮತ್ತು 38 ರೂಪಾಯಿಗೆ ಪುಟ್ ಕೊಂಡವನು, ವಹಿವಾಟಿನ ಕನಿಷ್ಠ ಘಟಕವಾದ ಒಂದು ಲಾಟಿನಲ್ಲಿ 400 ಷೇರುಗಳಿವೆ ಎಂದಾದರೆ, ಒಟ್ಟು 31,200 ರೂಪಾಯಿ ತೆತ್ತಿರುತ್ತಾನೆ. ಮರುದಿನ ಷೇರು ಶೇ. 3ರಷ್ಟು ಏರಿ 1,545 ಆದಾಗ ಕಾಲ್ ಮತ್ತು ಪುಟ್ ಎರಡೂ ಸೇರಿ 55 ರೂಪಾಯಿ ಬಾಳಿದರೆ, ಬೆಲೆ ಚೆನ್ನಾಗಿಯೇ ಚಲಿಸಿದ್ದರೂ ಅವನಿಗೆ 9,200 ರೂಪಾಯಿ ನಷ್ಟ. ಷೇರು ಎರಡರಲ್ಲಿ ಯಾವ ಕಡೆಗಾದರೂ ಶೇ. 5ಕ್ಕಿಂತ ಹೆಚ್ಚು ಸರಿಯಬೇಕೆಂಬುದನ್ನು ಆ 78 ರೂಪಾಯಿಯ ಪ್ರೀಮಿಯಂ ಮೊದಲೇ ಹೇಳಿತ್ತು. ಇದಲ್ಲದೆ 2019ರ ಅಕ್ಟೋಬರ್‌ನಿಂದ ಎಲ್ಲ ಷೇರು ಆಪ್ಷನ್‌ಗಳೂ ಅವಧಿ ಮುಗಿದಾಗ ಷೇರಿನ ರೂಪದಲ್ಲಿಯೇ ಇತ್ಯರ್ಥವಾಗುತ್ತವೆ. ಲಾಭದಲ್ಲಿರುವ ಕಾಲ್ ಅನ್ನು ಕೊನೆಯ ದಿನ ದಾಟಲು ಬಿಟ್ಟವನು ಮೇಲಿನ ಉದಾಹರಣೆಯಲ್ಲಿ 6 ಲಕ್ಷ ರೂಪಾಯಿ ಕಟ್ಟಿ ಷೇರು ಪಡೆಯಬೇಕಾಗುತ್ತದೆ. ಎನ್‌ಎಸ್‌ಇಯಲ್ಲಿ ಆ ಕೊನೆಯ ದಿನ 2025ರ ಸೆಪ್ಟೆಂಬರ್‌ನಿಂದ ತಿಂಗಳ ಕೊನೆಯ ಗುರುವಾರದ ಬದಲು ಕೊನೆಯ ಮಂಗಳವಾರವಾಗಿದೆ.

ಈ ದಾರಿಯಲ್ಲಿ ನಡೆದವರ ಸ್ಥಿತಿಯನ್ನು ಸೆಬಿಯ ಅಧ್ಯಯನಗಳೇ ಹೇಳುತ್ತವೆ. 2021–22ರಿಂದ 2023–24ರವರೆಗಿನ ಮೂರು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ ವಹಿವಾಟು ನಡೆಸಿದ ವ್ಯಕ್ತಿಗಳಲ್ಲಿ ಶೇ. 93ರಷ್ಟು ಮಂದಿ ನಷ್ಟ ಅನುಭವಿಸಿದರು, ಅವರ ಸರಾಸರಿ ನಷ್ಟ ಸುಮಾರು 2 ಲಕ್ಷ ರೂಪಾಯಿ. 2023–24ರಲ್ಲಿ ಇಂಥ ವಹಿವಾಟುದಾರರಲ್ಲಿ ಶೇ. 43ರಷ್ಟು ಮಂದಿ 30 ವರ್ಷದೊಳಗಿನವರು. ಕೊಂಡ ದಿನವೇ ಮಾರುವ ಇಂಟ್ರಾಡೇ ವಹಿವಾಟಿನಲ್ಲಿಯೂ 2022–23ರಲ್ಲಿ ಹತ್ತರಲ್ಲಿ ಏಳು ಮಂದಿ ನಷ್ಟದಲ್ಲಿದ್ದರು. ವಿದ್ಯಾರ್ಥಿನಿಲಯಗಳಲ್ಲಿರುವ ಯುವಕರೂ ಅವರಿಗೆ ಹಣ ಕಳುಹಿಸುವ ತಂದೆತಾಯಿಯರೂ ಈ ಅಂಕಿಗಳನ್ನು ಒಟ್ಟಿಗೆ ಕುಳಿತು ಓದಬೇಕು.

ಮೂರನೆಯ ದಾರಿ, ಫಲಿತಾಂಶ ಹೊರಬಂದ ಬಳಿಕ ಕೊಳ್ಳುವುದು ಅಥವಾ ಮಾರುವುದು. ಮರುದಿನದ ಮೊದಲ ಅರ್ಧ ಗಂಟೆಯಲ್ಲಿ ಬೆಲೆ ಅತಿಯಾಗಿ ಅಲುಗಾಡುವುದರಿಂದ ಆ ಅವಧಿಯಲ್ಲಿ ದೂರವಿದ್ದು, ಹಿಂದಿನ ಸಂಜೆಯೇ ಹಾಳೆಯನ್ನು ಓದಿ ಬರೆದಿಟ್ಟ ಬೆಲೆಗೆ ಷೇರು ಬಂದರೆ ಮಾತ್ರ ಲಿಮಿಟ್ ಆದೇಶ, ಅಂದರೆ ಬೆಲೆಯನ್ನು ಗೊತ್ತುಪಡಿಸಿದ ಆದೇಶ, ನೀಡುವುದು, ಮತ್ತು ಮೊತ್ತವನ್ನು ಎರಡು ಮೂರು ಕಂತುಗಳಾಗಿ ಹಂಚುವುದು ಈ ದಾರಿಯ ಕ್ರಮ. ಇದರಲ್ಲಿ ಮೊದಲ ಜಿಗಿತದ ಲಾಭ ಕೈತಪ್ಪಬಹುದು. ಪ್ರತಿಯಾಗಿ ಫಲಿತಾಂಶವೇ ತಿಳಿಯದೆ ಹಣ ಹೂಡುವ ಅಪಾಯ ಇಲ್ಲವಾಗುತ್ತದೆ. ಬಿಡಿ ಕಂಪನಿಯ ಆಯ್ಕೆಯೇ ಬೇಡವೆನ್ನುವವರಿಗೆ ನಿಫ್ಟಿ ಐಟಿ ಸೂಚ್ಯಂಕವನ್ನು ಅನುಸರಿಸುವ, ಷೇರಿನಂತೆಯೇ ಕೊಂಡು ಮಾರಬಹುದಾದ ನಿಧಿಗಳಾದ ಇಟಿಎಫ್‌ಗಳಿವೆ, ಆದರೂ ಒಂದರ ಕೆಟ್ಟ ಸುದ್ದಿಗೆ ಉಳಿದ ಐಟಿ ಷೇರುಗಳೂ ಇಳಿಯುವುದುಂಟು.

ಇನ್ನು ಕೆಲವರು ಫಲಿತಾಂಶದೊಡನೆ ಘೋಷಣೆಯಾಗುವ ಡಿವಿಡೆಂಡ್‌ಗಾಗಿ ಷೇರು ಕೊಳ್ಳುತ್ತಾರೆ. ಡಿವಿಡೆಂಡ್ ಹಕ್ಕು ಕಳೆಯುವ ದಿನ ಷೇರಿನ ಬೆಲೆಯೂ ಸುಮಾರು ಅಷ್ಟೇ ಇಳಿಯುವುದರಿಂದ, ಬಂದ ಹಣಕ್ಕೆ ಆದಾಯ ತೆರಿಗೆಯೂ ಇರುವುದರಿಂದ, ಅದಕ್ಕಾಗಿಯೇ ಎರಡು ದಿನದ ಮಟ್ಟಿಗೆ ಕೊಳ್ಳುವುದರಿಂದ ಗಳಿಕೆಯಿಲ್ಲ.

ಎಷ್ಟು ಹಣ ಹೂಡಬೇಕು

ಮೊತ್ತವನ್ನು ನಿರ್ಧರಿಸುವ ಸರಳ ವಿಧಾನವೆಂದರೆ ಲೆಕ್ಕವನ್ನು ನಷ್ಟದ ಕಡೆಯಿಂದ ಆರಂಭಿಸುವುದು. ಷೇರುಗಳಿಗಾಗಿ ಮೀಸಲಿಟ್ಟ ಹಣ 3 ಲಕ್ಷ ರೂಪಾಯಿ ಎಂದೂ, ಒಂದು ಫಲಿತಾಂಶದಿಂದ ಅದರ ಶೇ. 1ಕ್ಕಿಂತ ಹೆಚ್ಚು, ಅಂದರೆ 3,000 ರೂಪಾಯಿಗಿಂತ ಹೆಚ್ಚು, ಕಳೆದುಕೊಳ್ಳಬಾರದೆಂದೂ ತೀರ್ಮಾನಿಸಿದರೆ, ಮತ್ತು ಷೇರು ಶೇ. 15ರಷ್ಟು ಕುಸಿಯಬಹುದೆಂದು ಎಣಿಸಿದರೆ, ಆ ಷೇರಿನಲ್ಲಿ ಇರಬೇಕಾದ ಗರಿಷ್ಠ ಮೊತ್ತ 20,000 ರೂಪಾಯಿ. ಮನೆ ಸಾಲದ ಕಂತು, ಮಕ್ಕಳ ಶುಲ್ಕ, ವೈದ್ಯಕೀಯ ವೆಚ್ಚಗಳಿಗಾಗಿ ಇಟ್ಟ ಹಣ ಈ ಮೀಸಲಿನಲ್ಲಿ ಸೇರಬಾರದು. ಚಿನ್ನ ಅಡವಿಟ್ಟು ತಂದ ಸಾಲ ಅಥವಾ ಬ್ರೋಕರ್ ನೀಡುವ ಮಾರ್ಜಿನ್ ಸಾಲದಿಂದ ಫಲಿತಾಂಶದ ವಾರದಲ್ಲಿ ಷೇರು ಕೊಳ್ಳುವುದಂತೂ ಸರ್ವಥಾ ಸಲ್ಲದು, ಏಕೆಂದರೆ ಬೆಲೆ ಇಳಿದ ದಿನವೇ ಹೆಚ್ಚುವರಿ ಹಣದ ಬೇಡಿಕೆ ಬರುತ್ತದೆ.

ಮನೆಯವರು ಅದೇ ಕಂಪನಿಯಲ್ಲಿದ್ದರೆ

ಮಕ್ಕಳು ಅಥವಾ ಅಳಿಯಂದಿರು ಐಟಿ ಕಂಪನಿಗಳಲ್ಲಿ ದುಡಿಯುವ ಮನೆಗಳು ತಿಳಿದಿರಲೇಬೇಕಾದ ಕಾನೂನೊಂದಿದೆ. ಸೆಬಿಯ 2015ರ ಒಳವ್ಯಾಪಾರ ನಿಷೇಧ ನಿಯಮಗಳ ಪ್ರಕಾರ, ಪ್ರಕಟವಾಗದ ಮತ್ತು ಬೆಲೆಯ ಮೇಲೆ ಪರಿಣಾಮ ಬೀರಬಲ್ಲ ಮಾಹಿತಿಯನ್ನು ಹೊಂದಿರುವ ಯಾರೇ ಆಗಲಿ ಅದರ ಆಧಾರದಲ್ಲಿ ವಹಿವಾಟು ನಡೆಸುವುದು ಅಪರಾಧ. ಅಂಥ ಮಾಹಿತಿಯನ್ನು ಇನ್ನೊಬ್ಬರಿಗೆ ದಾಟಿಸುವುದೂ ಅಪರಾಧವೇ. ಕಂಪನಿ ಗುರುತಿಸಿದ ನಿರ್ದಿಷ್ಟ ನೌಕರರಿಗೆ ತ್ರೈಮಾಸಿಕ ಮುಗಿದ ದಿನದಿಂದ ಫಲಿತಾಂಶ ಬಂದ 48 ಗಂಟೆಗಳವರೆಗೆ ವಹಿವಾಟಿನ ಬಾಗಿಲು ಮುಚ್ಚಿರುತ್ತದೆ, ಈ ನಿರ್ಬಂಧ ಅವರ ಪತಿ ಅಥವಾ ಪತ್ನಿಗೂ, ಆರ್ಥಿಕವಾಗಿ ಅವರನ್ನು ಅವಲಂಬಿಸಿರುವ ಅಥವಾ ಷೇರು ನಿರ್ಧಾರಗಳಲ್ಲಿ ಅವರ ಸಲಹೆ ಪಡೆಯುವ ತಂದೆತಾಯಿ, ಒಡಹುಟ್ಟಿದವರು ಮತ್ತು ಮಕ್ಕಳಿಗೂ ಅನ್ವಯಿಸುತ್ತದೆ. ದಂಡ ಕನಿಷ್ಠ 10 ಲಕ್ಷ ರೂಪಾಯಿಯಿಂದ ಆರಂಭವಾಗಿ 25 ಕೋಟಿ ಅಥವಾ ಗಳಿಸಿದ ಲಾಭದ ಮೂರು ಪಟ್ಟು, ಇವೆರಡರಲ್ಲಿ ಹೆಚ್ಚಿನದರವರೆಗೆ ಹೋಗಬಹುದು. ಹಬ್ಬಕ್ಕೆ ಊರಿಗೆ ಬಂದ ಮಗಳು ಊಟದ ಹೊತ್ತಿನಲ್ಲಿ ಹೇಳಿದ, ಇನ್ನೂ ಘೋಷಣೆಯಾಗದ ಒಪ್ಪಂದದ ಸುದ್ದಿಯನ್ನು ನಂಬಿ ತಂದೆ ಷೇರು ಕೊಂಡರೆ, ಇಬ್ಬರೂ ಈ ನಿಯಮದ ವ್ಯಾಪ್ತಿಗೆ ಬರುತ್ತಾರೆ.

ಗಲ್ಫ್‌ನಲ್ಲಿರುವವರು ಮತ್ತು ಅಮೆರಿಕದ ಷೇರುಗಳು

ಕಾಪು, ಉಡುಪಿ, ಕಾರ್ಕಳದ ಎಷ್ಟೋ ಮನೆಗಳ ಗಳಿಕೆ ಗಲ್ಫ್ ದೇಶಗಳಿಂದ ಬರುತ್ತದೆ. ಅನಿವಾಸಿಯಾದವರು ಹಳೆಯ ನಿವಾಸಿ ಡಿಮ್ಯಾಟ್ ಖಾತೆಯನ್ನು ಹಾಗೆಯೇ ಮುಂದುವರಿಸುವಂತಿಲ್ಲ. ಅದನ್ನು ಅನಿವಾಸಿ ಖಾತೆಯಾಗಿ ಬದಲಿಸಿಕೊಂಡು, ಎನ್‌ಆರ್‌ಇ ಅಥವಾ ಎನ್‌ಆರ್‌ಒ ಬ್ಯಾಂಕ್ ಖಾತೆಯ ಮೂಲಕವೇ ವಹಿವಾಟು ನಡೆಸಬೇಕು. ಅವರಿಗೆ ಇಂಟ್ರಾಡೇ ವಹಿವಾಟಿಗೆ ಅನುಮತಿಯಿಲ್ಲ, ಕೊಂಡ ಷೇರು ಖಾತೆಗೆ ಬಂದ ಬಳಿಕವೇ ಮಾರಬಹುದು. ಆದ್ದರಿಂದ ಫಲಿತಾಂಶದ ಬೆಳಿಗ್ಗೆ ಕೊಂಡು ಮಧ್ಯಾಹ್ನ ಮಾರುವ ಯೋಜನೆ ಅವರಿಗೆ ಸಲ್ಲದು. ಫಲಿತಾಂಶ ಓದಿ ತಿಂಗಳುಗಳ ಮಟ್ಟಿಗೆ ಹೂಡುವ ಕ್ರಮವೇ ಅವರಿಗೆ ಹೊಂದುತ್ತದೆ.

ಮೈಕ್ರೋಸಾಫ್ಟ್‌ನಂಥ ಅಮೆರಿಕದ ಷೇರುಗಳನ್ನು ಭಾರತದ ನಿವಾಸಿಗಳು ರಿಸರ್ವ್ ಬ್ಯಾಂಕಿನ ಉದಾರೀಕೃತ ಹಣ ರವಾನೆ ಯೋಜನೆಯಡಿ, ವರ್ಷಕ್ಕೆ 2,50,000 ಡಾಲರ್ ಮಿತಿಯೊಳಗೆ ಕೊಳ್ಳಬಹುದು. ಮಾರ್ಜಿನ್ ವಹಿವಾಟಿಗೆ ಹಣ ಕಳುಹಿಸುವಂತಿಲ್ಲ. ವರ್ಷಕ್ಕೆ 10 ಲಕ್ಷ ರೂಪಾಯಿ ಮೀರಿದ ರವಾನೆಯ ಮೇಲೆ ಬ್ಯಾಂಕು ಮುಂಗಡವಾಗಿ ತೆರಿಗೆ ಸಂಗ್ರಹಿಸುತ್ತದೆ, ಇಂಥ ಷೇರುಗಳನ್ನು ಆದಾಯ ತೆರಿಗೆ ವಿವರಪತ್ರದ ವಿದೇಶಿ ಆಸ್ತಿಗಳ ಪಟ್ಟಿಯಲ್ಲಿ ತೋರಿಸಲೇಬೇಕು. ಆ ಕಂಪನಿಗಳ ಫಲಿತಾಂಶ ಹೆಚ್ಚಾಗಿ ಅಲ್ಲಿಯ ಪೇಟೆ ಮುಚ್ಚಿದ ಬಳಿಕ, ಇಲ್ಲಿ ಮಧ್ಯರಾತ್ರಿ ಕಳೆದು ಒಂದೂವರೆ ಅಥವಾ ಎರಡೂವರೆಯ ನಂತರ ಬರುತ್ತದೆ. ನಿದ್ದೆಗೆಟ್ಟು ಆ ಹೊತ್ತಿನಲ್ಲಿ ನಿರ್ಧಾರ ಕೈಗೊಳ್ಳುವ ಅಗತ್ಯ ಸಾಮಾನ್ಯ ಹೂಡಿಕೆದಾರನಿಗಿಲ್ಲ.

ಹೆಸರು ಕೇಳಿದ ಕಂಪನಿಗಳೆಲ್ಲ ಪೇಟೆಯಲ್ಲಿ ಸಿಗುವುದಿಲ್ಲವೆಂಬುದೂ ಗಮನದಲ್ಲಿರಬೇಕು. ಉದಾಹರಣೆಗೆ, ಉಡುಪಿಯಲ್ಲಿ 1996ರಲ್ಲಿ ಸ್ಥಾಪನೆಯಾದ ರೋಬೋಸಾಫ್ಟ್ ಟೆಕ್ನಾಲಜೀಸ್ ಜಿಲ್ಲೆಯ ಹೆಮ್ಮೆಯ ತಂತ್ರಾಂಶ ಕಂಪನಿ. ಅದನ್ನು 2021ರಲ್ಲಿ ಜಪಾನಿನ ಟೆಕ್ನೋಪ್ರೊ ಹೋಲ್ಡಿಂಗ್ಸ್ ಖರೀದಿಸಿತು. ನೋಂದಾಯಿತವಲ್ಲದ ಕಂಪನಿಗಳ ಷೇರು ಕೊಡಿಸುತ್ತೇವೆಂದು ಬರುವ ಮಧ್ಯವರ್ತಿಗಳಿಂದ ದೂರವಿರುವುದೇ ಕ್ಷೇಮ.

ತೆರಿಗೆ, ದಾಖಲೆ ಮತ್ತು ವಂಚನೆ

ಕೊಂಡು 12 ತಿಂಗಳೊಳಗೆ ಮಾರಿದ ಷೇರಿನ ಲಾಭಕ್ಕೆ 2024ರ ಜುಲೈ 23ರಿಂದ ಶೇ. 20ರ ತೆರಿಗೆಯಿದೆ, ಅದಕ್ಕಿಂತ ಹೆಚ್ಚು ಕಾಲ ಇಟ್ಟುಕೊಂಡರೆ ವರ್ಷಕ್ಕೆ 1.25 ಲಕ್ಷ ರೂಪಾಯಿ ಮೀರಿದ ಲಾಭಕ್ಕೆ ಶೇ. 12.5. ಇಂಟ್ರಾಡೇ ಗಳಿಕೆಯನ್ನು ಸಟ್ಟಾ ವ್ಯವಹಾರದ ಆದಾಯವೆಂದೂ, ಆಪ್ಷನ್ ಮತ್ತು ಫ್ಯೂಚರ್ಸ್ ಗಳಿಕೆಯನ್ನು ಸಾಮಾನ್ಯ ವ್ಯವಹಾರದ ಆದಾಯವೆಂದೂ ಪರಿಗಣಿಸುವುದರಿಂದ, ಸಂಬಳದಾರರೂ ವ್ಯವಹಾರಸ್ಥರ ವಿವರಪತ್ರವನ್ನೇ ಸಲ್ಲಿಸಬೇಕಾಗುತ್ತದೆ. ಷೇರುಗಳನ್ನು ಪಡೆದು ನಡೆಸುವ ವಹಿವಾಟಿನಲ್ಲಿ ಕೊಳ್ಳುವಾಗಲೂ ಮಾರುವಾಗಲೂ ಶೇ. 0.1ರ ವಹಿವಾಟು ತೆರಿಗೆಯಿದೆ, ಇತರ ಶುಲ್ಕಗಳು ಬೇರೆ. ಫಲಿತಾಂಶದ ವಾರದಲ್ಲಿ ಪದೇಪದೇ ಕೊಂಡು ಮಾರುವವನ ಲಾಭವನ್ನು ಇವೇ ಸವೆಸುತ್ತವೆ.

ಫಲಿತಾಂಶದ ಋತುವಿನಲ್ಲಿ ವಾಟ್ಸ್‌ಆ್ಯಪ್ ಮತ್ತು ಟೆಲಿಗ್ರಾಂ ಗುಂಪುಗಳಲ್ಲಿ ಖಚಿತ ಲಾಭದ ಟಿಪ್‌ಗಳು ಹರಿದಾಡುತ್ತವೆ, ನಕಲಿ ವಹಿವಾಟು ಆ್ಯಪ್‌ಗಳು ಪರದೆಯ ಮೇಲೆ ಕೃತಕ ಲಾಭ ತೋರಿಸಿ ಹಣ ಸೆಳೆಯುತ್ತವೆ. ಸಲಹೆ ನೀಡುವವರ ಸೆಬಿ ನೋಂದಣಿ ಸಂಖ್ಯೆಯನ್ನು ಮಂಡಳಿಯ ಜಾಲತಾಣದಲ್ಲಿ ಪರಿಶೀಲಿಸಬೇಕು; ಹಣವನ್ನು ವ್ಯಕ್ತಿಯ ಖಾತೆಗೆ ಕಳುಹಿಸಲು ಹೇಳಿದರೆ ಅಲ್ಲಿಗೇ ನಿಲ್ಲಿಸಬೇಕು; ತಮ್ಮ ಹೆಸರಿನಲ್ಲಿ ನಿಜವಾಗಿ ಎಷ್ಟು ಷೇರುಗಳಿವೆ ಎಂಬುದನ್ನು, ಡಿಮ್ಯಾಟ್ ಷೇರುಗಳನ್ನು ಕಾಪಿಡುವ ಸಂಸ್ಥೆಗಳಾದ ಎನ್‌ಎಸ್‌ಡಿಎಲ್ ಅಥವಾ ಸಿಡಿಎಸ್‌ಎಲ್ ಕಳುಹಿಸುವ ಒಟ್ಟು ವಿವರಪಟ್ಟಿಯಲ್ಲಿ ನೋಡಿಕೊಳ್ಳಬೇಕು. ಮೋಸಹೋದವರು ನಾಚಿಕೆಯಿಂದ ತಡಮಾಡದೆ ರಾಷ್ಟ್ರೀಯ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಉಡುಪಿಯ ಸೆನ್ (ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧ) ಪೊಲೀಸ್ ಠಾಣೆಯಲ್ಲಿ ದೂರು ದಾಖಲಿಸಬೇಕು. ನೋಂದಾಯಿತ ಬ್ರೋಕರ್ ವಿರುದ್ಧದ ದೂರುಗಳಿಗೆ ಸೆಬಿಯ ಸ್ಕೋರ್ಸ್ ವೇದಿಕೆ ಇದೆ.

ನಿರ್ಧಾರದ ಮೊದಲು ಬರೆದಿಡಬೇಕಾದದ್ದು

ಫಲಿತಾಂಶದ ದಿನಾಂಕಕ್ಕೆ ಮೊದಲೇ ಹೂಡಿಕೆದಾರರು ಒಂದು ಪುಸ್ತಕದಲ್ಲಿ ನಾಲ್ಕು ಸಂಗತಿಗಳನ್ನು ಬರೆದಿಡುವುದು ಒಳ್ಳೆಯದು: ಷೇರನ್ನು ಏಕೆ ಕೊಳ್ಳಲಾಗುತ್ತಿದೆ, ಫಲಿತಾಂಶದಲ್ಲಿ ಯಾವ ಅಂಕಿ ಬಂದರೆ ಆ ಕಾರಣ ಸುಳ್ಳಾಗುತ್ತದೆ, ಗರಿಷ್ಠ ಎಷ್ಟು ರೂಪಾಯಿ ನಷ್ಟವನ್ನು ಸಹಿಸಲಾಗುತ್ತದೆ, ಮತ್ತು ಯಾವ ಬೆಲೆಗೆ ಕೊಳ್ಳಬೇಕು ಅಥವಾ ಮಾರಬೇಕು. ಈ ನಾಲ್ಕಕ್ಕೂ ಉತ್ತರ ಹೊಳೆಯದಿದ್ದರೆ ಆ ತ್ರೈಮಾಸಿಕದಲ್ಲಿ ವಹಿವಾಟು ಮಾಡದಿರುವುದೇ ಸರಿಯಾದ ನಿರ್ಧಾರ. ಮೂರು ತಿಂಗಳಲ್ಲಿ ಮತ್ತೊಂದು ಫಲಿತಾಂಶ ಬಂದೇ ಬರುತ್ತದೆ. ಬೆಲೆಯ ಒಂದು ದಿನದ ಜಿಗಿತವನ್ನು ಹಿಡಿಯಲು ಯಾರಿಗೂ ಖಚಿತ ಉಪಾಯವಿಲ್ಲ, ಆದರೆ ಕಂಪನಿಯೊಂದರ ಎಂಟು ಹತ್ತು ಫಲಿತಾಂಶಗಳನ್ನು ಸತತವಾಗಿ ಓದಿದವನಿಗೆ ಅದರ ಆಡಳಿತ ಹೇಳಿದ್ದನ್ನು ಮಾಡುತ್ತದೆಯೇ ಎಂಬುದು ಗೊತ್ತಾಗುತ್ತದೆ, ಮತ್ತು ವರ್ಷಗಳ ಕಾಲ ಹಣವನ್ನು ಒಪ್ಪಿಸಬಹುದಾದ ಕಂಪನಿ ಯಾವುದೆಂದು ಆರಿಸಲು ಆ ತಿಳಿವಳಿಕೆಯೇ ಆಧಾರವಾಗುತ್ತದೆ.